ಗೆಳೆಯನಿಗೊಂದು ಪತ್ರ: ಎದೆಯ ಮೇಲಿನ ಕೆಂಪು ಅಕ್ಷರ

ಪ್ರಿಯ ಗೆಳೆಯಾ,

‘ದಿ ಸ್ಕಾರ್ಲೆಟ್ ಲೆಟರ್’ ಪಾಠಕ್ಕೆಂದು ನೀನು ಮಾಡಿಕೊಂಡ ಟಿಪ್ಪಣಿ ಓದಿದೆ. ‘ಕೆಂಪು ಅಂದರೆ ಪಾಪ, ಕಾಡು ಅಂದರೆ ಸ್ವಾತಂತ್ರ್ಯ’ ಅಂತ ಪಟ್ಟಿ ಹಾಕಿದ್ದೀಯಲ್ಲ, ಮೊದಲು ಅದನ್ನು ಹರಿದುಹಾಕು ಮಾರಾಯ. ಅಮೆರಿಕದ ಲೇಖಕ ಹಾಥಾರ್ನ್‌ನ ಈ 1850ರ ಕಾದಂಬರಿಯಲ್ಲಿ ಕೆಂಪು ‘ಎ’ ಅಕ್ಷರದ (ಹಾದರಕ್ಕಿರುವ ಇಂಗ್ಲಿಷ್ ಪದ ‘ಅಡಲ್ಟರಿ’ಯ ಮೊದಲಕ್ಷರ) ಅರ್ಥ ನೋಡುವವರು ಬದಲಾದಂತೆ ಬದಲಾಗುತ್ತದೆ.

ಶಿಕ್ಷೆಯಿಂದಲೇ ಶುರುಮಾಡು. ಕಥೆ ನಡೆಯುವುದು 17ನೇ ಶತಮಾನದ ಬಾಸ್ಟನ್‌ನಲ್ಲಿ. ಅಲ್ಲಿನ ಪ್ಯೂರಿಟನ್ನರ, ಅಂದರೆ ಕಟ್ಟುನಿಟ್ಟಿನ ಕ್ರೈಸ್ತ ಪಂಗಡದವರ, ಕಾನೂನಿನಲ್ಲಿ ಹಾದರಕ್ಕೆ ಮರಣದಂಡನೆಯೇ ಇತ್ತು. 1644ರಲ್ಲಿ ಇಬ್ಬರನ್ನು ಗಲ್ಲಿಗೇರಿಸಿದ್ದೂ ಉಂಟು. ಗಂಡ ಜೊತೆಯಲ್ಲಿಲ್ಲದಾಗ ಮಗು ಹೆತ್ತ ನಾಯಕಿ ಹೆಸ್ಟರ್‌ಗೆ ‘ದಯೆ’ ತೋರಿಸುತ್ತಾರೆ: ಮೂರು ಗಂಟೆ ಶಿಕ್ಷೆಯ ಕಟ್ಟೆಯ ಮೇಲೆ ನಿಲ್ಲಬೇಕು, ಬದುಕಿರುವಷ್ಟು ಕಾಲ ಎದೆಯ ಮೇಲೆ ಆ ಅಕ್ಷರ ಇರಬೇಕು. ಅವಳೋ ಅದಕ್ಕೆ ಚಿನ್ನದ ದಾರದ ಕಸೂತಿ ಹಾಕಿಕೊಂಡು ಬರುತ್ತಾಳೆ! ನೆರೆದ ಹೆಂಗಸರಿಗೆ ಹೊಟ್ಟೆಯುರಿ. ಮಾನ ಕಳೆಯಲೆಂದು ಕೊಟ್ಟ ಗುರುತು ಮೊದಲ ದಿನವೇ ಊರಿಗೆ ಕೈಕೊಟ್ಟಿತು. ಮುಂದೆ ಗವರ್ನರನ ಕೊರಳಪಟ್ಟಿ, ಕೂಸಿನ ಟೊಪ್ಪಿಗೆ, ಹೆಣಕ್ಕೆ ಹೊದಿಸುವ ಬಟ್ಟೆ ಎಲ್ಲಕ್ಕೂ ಅವಳದೇ ಸೂಜಿ ಬೇಕು. ಮದುಮಗಳ ಮುಸುಕಿಗೆ ಮಾತ್ರ ಬೇಡ. ಐದನೇ ಅಧ್ಯಾಯದ ಈ ಭಾಗವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸು.

ಆಮೇಲೆ ಕಟ್ಟೆಯ ಮೂರು ದೃಶ್ಯಗಳನ್ನು, ಅಂದರೆ 2–3, 12 ಮತ್ತು 23ನೇ ಅಧ್ಯಾಯಗಳನ್ನು ಒಟ್ಟಿಗಿಟ್ಟು ನೋಡಿಸು. ಮೊದಲನೆಯದರಲ್ಲಿ ಪಾದ್ರಿ ಡಿಮ್ಸ್‌ಡೇಲ್ ಮೇಲೆ ಮೊಗಸಾಲೆಯಲ್ಲಿ ನಿಂತು, ಮಗುವಿನ ಅಪ್ಪನ ಹೆಸರು ಹೇಳೆಂದು ಅವಳನ್ನೇ ಕೇಳುತ್ತಾನೆ. ಅಪ್ಪ ಅವನೇ. ಎರಡನೆಯದರಲ್ಲಿ ನಡುರಾತ್ರಿ ತಾನೇ ಕಟ್ಟೆ ಹತ್ತುತ್ತಾನೆ, ಆದರೆ ಊರು ಮಲಗಿದೆ. ಕಾಣುವವರಿಲ್ಲದ ಕಡೆ ನಿಂತರೆ ಎದೆಯ ಭಾರ ಇಳಿಯುವುದುಂಟೇ? ಆಕಾಶದಲ್ಲಿ ಉಲ್ಕೆ ‘ಎ’ ಬರೆದಂತೆ ಕಂಡಾಗ ಅವನು ತನ್ನ ಪಾಪವೇ ಬಯಲಾಯಿತೆಂದುಕೊಳ್ಳುತ್ತಾನೆ. ಇದು ಕೊಂಚ ಅತಿಯಾಯಿತು ಅಂತ ನನಗೂ ಅನ್ನಿಸುತ್ತದೆ. ಆದರೆ ಬೆಳಗ್ಗೆ ಚರ್ಚಿನ ಆಳು ಬಂದು, ರಾತ್ರಿ ತೀರಿಕೊಂಡ ಗವರ್ನರ್ ವಿಂತ್ರಾಪ್ ‘ಏಂಜಲ್’ (ದೇವದೂತ; ಇಂಗ್ಲಿಷಿನಲ್ಲಿ ಇದೂ ‘ಎ’ಯಿಂದಲೇ ಶುರು) ಆದದ್ದಕ್ಕೆ ಅದು ಗುರುತು ಎಂದುಬಿಡುತ್ತಾನೆ. ಆ ಒಂದು ಮಾತು ದೃಶ್ಯವನ್ನು ಕಾಪಾಡುತ್ತದೆ. ಮೂರನೆಯದರಲ್ಲಿ ಪಾದ್ರಿ ಹಗಲಲ್ಲೇ ಎದೆ ತೆರೆದು ತೋರಿಸಿ ಸಾಯುತ್ತಾನೆ. ಅಲ್ಲಿ ಅಕ್ಷರ ಮೂಡಿತ್ತೆಂದು ಹೆಚ್ಚಿನವರು, ಏನೂ ಇರಲಿಲ್ಲವೆಂದು ಕೆಲವರು. ‘ಯಾವುದು ನಿಜ ಸಾರ್?’ ಎಂದು ಹುಡುಗರು ಕೇಳುತ್ತಾರೆ. ಉತ್ತರ ಕೊಡಬೇಡ, ಲೇಖಕನೂ ಕೊಟ್ಟಿಲ್ಲ.

ಹೆಚ್ಚಿನವರು ಎಡವುವುದು 18ನೇ ಅಧ್ಯಾಯದಲ್ಲಿ. ಹೆಸ್ಟರ್ ಕಾಡಿನಲ್ಲಿ ಅಕ್ಷರವನ್ನು ಕಿತ್ತೆಸೆದಳು, ಬಿಡುಗಡೆಯಾಯಿತು ಅಂತ ಅಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನ ಅಧ್ಯಾಯದಲ್ಲೇ ಮಗಳು ಪರ್ಲ್, ಅಮ್ಮ ಅದನ್ನು ಮತ್ತೆ ಸಿಕ್ಕಿಸಿಕೊಳ್ಳುವವರೆಗೂ ತೊರೆ ದಾಟಿ ಬರುವುದಿಲ್ಲ. ಕೊನೆಗೆ ಯಾರ ಬಲವಂತವೂ ಇಲ್ಲದೆ ಹೆಸ್ಟರ್ ಊರಿಗೆ ಮರಳಿ, ತಾನಾಗಿಯೇ ಅದನ್ನು ಧರಿಸುತ್ತಾಳೆ.

ಕಾದಂಬರಿಯ ‘ಕಸ್ಟಮ್ ಹೌಸ್’ ಪೀಠಿಕೆ ಉದ್ದ, ಪೂರ್ತಿ ಮಾಡಲು ಹೋದರೆ ಹುಡುಗರು ತೂಕಡಿಸುತ್ತಾರೆ. ಪೂರ್ವಜರ ಭಾಗವನ್ನಷ್ಟೇ ತೆಗೆದುಕೋ: 1692ರಲ್ಲಿ ಅಮೆರಿಕದ ಸೇಲಂನಲ್ಲಿ ನಡೆದ ಮಾಟಗಾತಿ ವಿಚಾರಣೆಯ ನ್ಯಾಯಾಧೀಶರಲ್ಲೊಬ್ಬ ಲೇಖಕನ ವಂಶದವನೇ, ಆ ಪೂರ್ವಜರ ಪರವಾಗಿ ನಾಚಿಕೆಯನ್ನು ತಾನು ಹೊರುತ್ತೇನೆಂದು ಹಾಥಾರ್ನ್ ಅಲ್ಲಿ ಬರೆದಿದ್ದಾನೆ.

ನಿನ್ನ ಗೆಳೆಯ