ತಾಳ್ಮೆ ಹೊಗಳೋದು ಆಮೇಲೆ, ಮೊದಲು ಕೂರೋಕೆ ಸ್ಟೂಲ್ ಇದೆಯಾ ನೋಡು

ಮಡಿಕೇರಿ

ತಂಗೀ,

ನೀನು ಕಳಿಸಿದ ಕಥೆ ಓದಿದೆ. ಚೆನ್ನಾಗಿದೆ ಅಂತ ಒಂದು ಮಾತು ಹೇಳಿ ಮುಗಿಸಬಹುದಿತ್ತು, ಆದರೆ ನೀನು ಕೇಳಿದ್ದು ಅದಲ್ಲ ಅಲ್ವಾ. ಹಾಗಾಗಿ ನೇರವಾಗಿ ಜಗಳಕ್ಕೇ ಬರುತ್ತೇನೆ.

ಕಥೆಯಲ್ಲಿ ಮೂವರು ಹೆಂಗಸರಿದ್ದಾರೆ. ಒಬ್ಬಳು ಸೀರೆ ಅಂಗಡಿಯಲ್ಲಿ, ಒಬ್ಬಳು ಗಾರ್ಮೆಂಟ್ಸ್‌ನಲ್ಲಿ, ಇನ್ನೊಬ್ಬಳು ನಿನ್ನ ಹಾಗೇ ಕೊಡಗಿನಿಂದ ಬೆಂಗಳೂರಿಗೆ ಹೋಗಿ ಪಿ.ಜಿ.ಯಲ್ಲಿದ್ದು ಕಂಪ್ಯೂಟರ್ ಮುಂದೆ ಕೂತವಳು. ಮೂವರಿಗೂ ಕಷ್ಟ. ಮೂವರೂ ಸಹಿಸುತ್ತಾರೆ. ಕೊನೆಗೆ ಮೂವರೂ ಒಂದೊಂದು ಕಿಟಕಿ ಹತ್ತಿರ ನಿಂತು ಆಕಾಶ ನೋಡಿ ನಗುತ್ತಾರೆ. ಮಾರಾಯ್ತಿ, ಬೆಂಗಳೂರಿನಲ್ಲಿ ಆಕಾಶ ನೋಡೋಕೆ ಯಾರಿಗೆ ಪುರುಸೊತ್ತು? ನೋಡಿದರೂ ಕಾಣೋದು ಕೇಬಲ್ ವಯರು.

ಆಕಾಶ ಹೋಗಲಿ ಬಿಡು. ನನಗೆ ಕಿರಿಕಿರಿ ಆಗಿದ್ದು ‘ಎಲ್ಲವನ್ನೂ ನಗುನಗುತ್ತಾ ಸಹಿಸಿದಳು’ ಅನ್ನೋ ಸಾಲು. ಈ ಸಾಲು ಓದಿದವರಿಗೆ ಹಾಯಾಗುತ್ತದೆ. ಅವಳಿಗೆ ಸಂಬಳ ಕೊಡುವವನಿಗೆ ಇನ್ನೂ ಹಾಯಾಗುತ್ತದೆ. ಅವಳು ಹೇಗೋ ಸಂಭಾಳಿಸುತ್ತಾಳೆ ಬಿಡಿ ಅಂತ ಎಲ್ಲರೂ ಕೈ ತೊಳೆದುಕೊಂಡು ಊಟಕ್ಕೆ ಹೋಗಬಹುದು. ಏನು ಸಹಿಸಿದಳು, ಎಷ್ಟು ಹೊತ್ತು, ಯಾರಿಂದಾಗಿ, ಅದರ ನಡುವೆ ತನಗೆ ಅಂತ ಎಷ್ಟು ನಿಮಿಷ ಕದ್ದುಕೊಂಡಳು, ಆ ಲೆಕ್ಕ ನಿನ್ನ ಕಥೆಯಲ್ಲಿ ಇಲ್ಲ. ನನಗೆ ಅದೇ ಬೇಕು.

ಸೀರೆ ಅಂಗಡಿಯವಳನ್ನೇ ತಗೋ. ನಮ್ಮ ಕಡೆಯ ಒಬ್ಬ ಹುಡುಗಿ ಬೆಂಗಳೂರಿನ ದೊಡ್ಡ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಊರಿಗೆ ಬಂದಾಗ ನಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತು ಮಾತಾಡಿದಳು. ಹಿಮ್ಮಡಿ ನೀವಿಕೊಳ್ಳುತ್ತಲೇ ಇದ್ದಳು. ಗಿರಾಕಿ ಬಂದರೆ ಅವರಿಗೆ ಸ್ಟೂಲ್, ಜ್ಯೂಸು. ಇವಳು ಕೌಂಟರ್ ಹಿಂದೆ ನಿಂತೇ ಸೀರೆ ಬಿಚ್ಚಬೇಕು, ಸೆರಗು ಭುಜದ ಮೇಲೆ ಹಾಕಿ ತೋರಿಸಬೇಕು, ಬಾರ್ಡರ್ ಹೊಳೆಯೋ ಹಾಗೆ ಲೈಟಿಗೆ ಹಿಡಿಯಬೇಕು, ಆಮೇಲೆ ಅವರು ‘ಒಂದು ರೌಂಡ್ ನೋಡ್ಕೊಂಡು ಬರ್ತೀವಿ’ ಅಂತ ಎದ್ದು ಹೋದ ಮೇಲೆ ಅಷ್ಟನ್ನೂ ಮೊದಲಿದ್ದ ಗೆರೆಗೇ ಮಡಿಸಬೇಕು. ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದರೆ ಊಟಕ್ಕೂ ಪಾಳಿ. ಕೂತರೆ ಕ್ಯಾಮೆರಾದಲ್ಲಿ ಕಾಣುತ್ತೆ, ಬೈಗುಳ.

ಹಾಗಾದರೆ ಅವಳ ಖುಷಿ ಯಾವುದು ಅಂತ ಕೇಳಿದೆ. ಕೂಡಲೇ ಹೇಳಿದಳು: ಗೋಡೌನು. ‘ಇದೇ ಡಿಸೈನ್‌ನಲ್ಲಿ ಬೇರೆ ಕಲರ್ ಇದೆಯಾ’ ಅಂತ ಗಿರಾಕಿ ಕೇಳಿದರೆ ಸಾಕು, ‘ಮೇಲೆ ನೋಡ್ಕೊಂಡು ಬರ್ತೀನಿ ಮೇಡಂ’ ಅಂತ ಹೊರಟುಬಿಡೋದು. ಮೇಲೆ ಕ್ಯಾಮೆರಾ ಇಲ್ಲ. ಬಟ್ಟೆ ಗಂಟಿನ ಮೇಲೆ ಇನ್ನೊಬ್ಬಳು ಆಗಲೇ ಕೂತಿರುತ್ತಾಳೆ. ಕಡಲೆ ಮಿಠಾಯಿ ಮುರಿದು ಹಂಚಿಕೊಳ್ಳೋದು, ಫ್ಲೋರ್ ಮ್ಯಾನೇಜರ್ ನಡೆಯೋ ಶೈಲಿ ಮಾಡಿ ತೋರಿಸೋದು, ಐದು ನಿಮಿಷ ಆದ ಮೇಲೆ ‘ಇಲ್ಲ ಮೇಡಂ, ಆ ಕಲರ್ ಖಾಲಿ’ ಅಂತ ಇಳಿದು ಬರೋದು. ಕೆಲವೊಮ್ಮೆ ಆ ಕಲರ್ ಕಣ್ಣೆದುರೇ ಇರುತ್ತಿತ್ತಂತೆ! ಇದನ್ನು ಹೇಳುವಾಗ ಅವಳು ನಕ್ಕ ನಗು ಇದೆಯಲ್ಲ, ಅದು ನಿನ್ನ ಕಿಟಕಿ ನಗೆಗಿಂತ ಎಷ್ಟೋ ಗಟ್ಟಿ. ಅದರಲ್ಲಿ ಸ್ವಲ್ಪ ಕಳ್ಳತನ ಇದೆ, ಸ್ವಲ್ಪ ಸೇಡೂ ಇದೆ.

ಈ ಕೂರೋ ವಿಷಯ ಸಣ್ಣದು ಅಂದುಕೊಳ್ಳಬೇಡ. ಮಾಕುಟ್ಟ ದಾಟಿದರೆ ಸಿಗುವ ಕೇರಳದಲ್ಲಿ ಬಟ್ಟೆ ಅಂಗಡಿ ಹೆಂಗಸರು ಇದಕ್ಕಾಗಿಯೇ ವರ್ಷಗಟ್ಟಲೆ ಹೋರಾಡಿದರು. ಕಲ್ಲಿಕೋಟೆಯಲ್ಲಿ ಶುರುವಾದದ್ದು. ನಗುವವರು ನಕ್ಕರು, ಕೂರೋದಕ್ಕೂ ಹೋರಾಟವಾ ಅಂತ. 2018ರಲ್ಲಿ ಅಲ್ಲಿನ ಸರ್ಕಾರ ಕಾನೂನು ತಿದ್ದಿತು, ಅಂಗಡಿ ಕೆಲಸದವರಿಗೆ ಕೂರುವ ವ್ಯವಸ್ಥೆ ಇರಲೇಬೇಕು ಅಂತ. 2021ರಲ್ಲಿ ತಮಿಳುನಾಡೂ ಅದೇ ದಾರಿ ಹಿಡಿಯಿತು. ನಿನ್ನ ಕಥೆಯಲ್ಲಿ ಈ ಕಾನೂನು ತುರುಕು ಅಂತ ನಾನು ಹೇಳುತ್ತಿಲ್ಲ. ಆದರೆ ಇದು ಗೊತ್ತಿದ್ದು ಬರೆದರೆ ಕಣ್ಣು ಮೊದಲು ಅವಳ ಮುಖಕ್ಕೆ ಹೋಗಲ್ಲ, ಕೌಂಟರ್ ಹಿಂದೆ ಸ್ಟೂಲ್ ಇದೆಯಾ ಅಂತ ಹುಡುಕುತ್ತೆ.

ಇನ್ನು ಗಾರ್ಮೆಂಟ್ಸ್‌ನವಳು. ಕೊನೆಯ ಆ ನಗು ಬಿಟ್ಟರೆ ಅವಳು ಬರೀ ಅಳೋ ಹಾಗೆ ಮಾಡಿದ್ದೀಯ. 2016ರ ಏಪ್ರಿಲ್‌ನಲ್ಲಿ ನೀನು ಸ್ಕೂಲಿನಲ್ಲಿದ್ದಿರಬೇಕು. ಪಿ.ಎಫ್.ನಲ್ಲಿ ಮಾಲೀಕರು ಕಟ್ಟುವ ಪಾಲನ್ನು 58 ವರ್ಷ ಆಗೋ ತನಕ ತೆಗೆಯುವಂತಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಗಾರ್ಮೆಂಟ್ಸ್‌ನಲ್ಲಿ ಆ ವಯಸ್ಸಿನ ತನಕ ಯಾರ ಕಣ್ಣು, ಯಾರ ಸೊಂಟ ಉಳಿಯುತ್ತೆ ಹೇಳು. ಮಗಳ ಫೀಸು, ಮನೆ ಲೀಸು, ಚೀಟಿ ಸಾಲ, ಎಲ್ಲಕ್ಕೂ ಅವರು ನಂಬಿದ್ದು ಆ ದುಡ್ಡನ್ನೇ. ಏಪ್ರಿಲ್ 18ಕ್ಕೆ ಹೊಸೂರು ರೋಡಿನ ಫ್ಯಾಕ್ಟರಿಗಳಿಂದ ಸಾವಿರಾರು ಹೆಂಗಸರು ಹೊರಗೆ ಬಂದರು, ಮಾರನೇ ದಿನ ತುಮಕೂರು ರೋಡು, ಮೈಸೂರು ರೋಡು. ದೊಡ್ಡ ಲೀಡರ್ ಅಂತ ಯಾರೂ ಮುಂದೆ ಇರಲಿಲ್ಲ. ಕಲ್ಲು, ಲಾಠಿ, ಬಸ್ಸಿಗೆ ಬೆಂಕಿ, ಅದೂ ಆಯಿತು, ಮುಚ್ಚಿಡೋದು ಬೇಡ. ಆದರೆ 19ರ ಸಂಜೆಗೇ ಸರ್ಕಾರ ಆ ನಿಯಮ ವಾಪಸ್ ತಗೊಂಡಿತು. ಟಾರ್ಗೆಟ್ ಮುಗಿಸಿಲ್ಲ ಅಂತ ದಿನಾ ಬೈಸಿಕೊಳ್ಳುತ್ತಿದ್ದ ಹೆಂಗಸರು ದೆಹಲಿಯನ್ನು ಎರಡೇ ದಿನದಲ್ಲಿ ಬಗ್ಗಿಸಿದರು. ಅಂಥವರಲ್ಲಿ ಒಬ್ಬಳನ್ನು ತಂದು ನೀನು ಕಿಟಕಿ ಹತ್ತಿರ ನಿಲ್ಲಿಸಿದ್ದೀಯಲ್ಲೇ!

ಹಾಗಂತ ಅವಳನ್ನು ಝಾನ್ಸಿ ರಾಣಿ ಮಾಡೋಕೂ ಹೋಗಬೇಡ. ಮರುದಿನ ಅವಳು ಅದೇ ಮಿಷನ್ ಮುಂದೆ ಕೂತಳು, ಅದೇ ಸೂಪರ್‌ವೈಸರ್ ಬೈದ. ಸಂಜೆ ಹೂವು ತಗೊಂಡಳು.

ಹೂವು ಅಂದಾಗ ನೆನಪಾಯಿತು. ಕೆ.ಆರ್. ಮಾರ್ಕೆಟ್ ಬಸ್ ಸ್ಟಾಪಿನಲ್ಲಿ ಒಮ್ಮೆ ನಿಂತಿದ್ದೆ. ಹೂವಿನ ಬುಟ್ಟಿ ಇಟ್ಟುಕೊಂಡ ಅಜ್ಜಿ ತೀರಾ ಗಿಡ್ಡ. ಮೊಳಕ್ಕೆ ಅಳತೆ ಅವಳ ಕೈಯೇ ತಾನೆ, ಮೊಳಕೈಯಿಂದ ಬೆರಳ ತುದಿಗೆ. ಕೊಳ್ಳೋಕೆ ಬಂದವಳು ಉದ್ದನೆಯ ಹೆಂಗಸು, ಕೊರಳಲ್ಲಿ ಫ್ಯಾಕ್ಟರಿ ಐಡಿ ಕಾರ್ಡು. ‘ಅಜ್ಜೀ, ನಿನ್ನ ಮೊಳ ನಂಗೆ ಮೋಸ, ಕೊಡು ನನ್ನ ಕೈಯಲ್ಲೇ ಅಳೀತೀನಿ’ ಅಂದಳು. ಅಜ್ಜಿ ಬುಟ್ಟಿ ಹಿಂದಕ್ಕೆ ಎಳೆದುಕೊಂಡು, ‘ನಿನ್ ಕೈ ನೋಡು, ತೆಂಗಿನ್ ಮರ ಇದ್ದಂಗದೆ, ನನ್ ಬುಟ್ಟಿನೇ ಖಾಲಿ ಆಗ್ತದೆ’ ಅಂತ. ಸುತ್ತ ಇದ್ದವರೆಲ್ಲ ನಕ್ಕರು. ಕೊನೆಗೆ ಒಂದು ಗೇಣು ಕೊಸರು ಹಾಕಿಕೊಟ್ಟಳು. ಇವಳು ಅದನ್ನು ಹಲ್ಲಿನಲ್ಲೇ ಕಡಿದು ಎರಡು ಮಾಡಿ ಅರ್ಧ ಜೊತೆಯವಳಿಗೆ ಮುಡಿಸಿದಳು, ಅಷ್ಟರಲ್ಲಿ ಬಸ್ ಬಂತು, ಇಬ್ಬರೂ ಓಡಿದರು. ಅಷ್ಟೇ ನಡೆದದ್ದು. ಇದಕ್ಕೆ ಅರ್ಥ ಹಚ್ಚೋಕೆ ಹೋಗಬೇಡ. ಆದರೆ ಬೆಲೆ ಹಾಕು. ಆಷಾಢದಲ್ಲಿ ಮೊಳ ಎಷ್ಟು, ಶ್ರಾವಣ ಬಂದ ಕೂಡಲೇ ಎಷ್ಟು, ಯಾವ ರೇಟಿಗೆ ಅವಳು ‘ಬೇಡ ಬಿಡು’ ಅನ್ನುತ್ತಾಳೆ. ಖುಷಿಗೂ ರೇಟ್ ಇರುತ್ತೆ, ಅದು ಬರೆಯುವವರಿಗೆ ಗೊತ್ತಿರಬೇಕು.

ಬಸ್ಸಿನ ವಿಷಯವೂ ಹಾಗೇ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಒಳ್ಳೆಯದೋ ಕೆಟ್ಟದ್ದೋ ಅಂತ ವಾದ ಮಾಡೋರು ಮಾಡಲಿ. ನೀನು ನೋಡಬೇಕಾದ್ದು ಬೇರೆ: ಉಳಿದ ದುಡ್ಡು ಯಾರ ಕೈಗೆ ಹೋಯಿತು? ಅವಳ ಪರ್ಸಿನಲ್ಲೇ ಉಳಿಯಿತಾ, ಗಂಡ ಅಷ್ಟು ಕಮ್ಮಿ ಕೊಡೋಕೆ ಶುರು ಮಾಡಿದನಾ? ದುಡ್ಡು ಕೇಳದೆ ಹೊರಗೆ ಹೋಗೋದು ಅಂದರೆ ‘ಎಲ್ಲಿಗೆ’ ಅನ್ನೋ ಪ್ರಶ್ನೆಯಿಂದಲೂ ಸ್ವಲ್ಪ ಬಿಡುಗಡೆ. ನಮ್ಮ ಜಿಲ್ಲೆಗೆ ರೈಲಿಲ್ಲ, ಇರೋದು ಬಸ್ಸೇ. ಸೋಮವಾರಪೇಟೆ ಕಡೆಯಿಂದ, ಗೋಣಿಕೊಪ್ಪದಿಂದ ಅಮ್ಮಂದಿರು ಆಧಾರ್ ಕಾರ್ಡ್ ಹಿಡಿದುಕೊಂಡು ಕೆಂಪು ಬಸ್ಸು ಹತ್ತಿ ಬೆಂಗಳೂರಿನ ಮಗಳ ಮನೆಗೆ ಹೋಗಿ ಬರುತ್ತಾರೆ. ಅವರಲ್ಲಿ ಒಬ್ಬರು ನಿನ್ನ ಕಥೆಯೊಳಗೆ ಬಂದು ಕೂತರೆ ಏನಾಗುತ್ತೆ ನೋಡು.

ಇನ್ನು ಆ ಪಿ.ಜಿ. ಹುಡುಗಿ. ಅವಳು ಮೂರು ಪ್ಯಾರಾ ತುಂಬಾ ಮಡಿಕೇರಿ ಮಂಜು ನೆನೆಸಿಕೊಳ್ಳುತ್ತಾಳೆ. ಅದನ್ನು ಹೊಡೆದುಹಾಕು. ಅಲ್ಲಿ ನರಕ, ಇಲ್ಲಿ ಸ್ವರ್ಗ ಅನ್ನೋದನ್ನು ವಾರದ ಕೊನೆಗೆ ರಾಜಾಸೀಟಿಗೆ ಬರುವ ಟೂರಿಸ್ಟ್‌ಗಳು ಹೇಳಲಿ, ನಿನಗೆ ಯಾಕೆ? ನಮ್ಮ ತೋಟದ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರ ಸಾಲು ಮನೆಗಳಲ್ಲಿರುವ ಹೆಂಗಸರು ಕಾಫಿ ಕೊಯ್ಲಿನಲ್ಲಿ ಕೆ.ಜಿ. ಲೆಕ್ಕಕ್ಕೆ ಕುಯ್ಯುತ್ತಾರೆ, ಮಳೆಗಾಲದಲ್ಲಿ ಜಿಗಣೆ ಕಿತ್ತು ಬಿಸಾಕುತ್ತಾ ಕೆಲಸ ಮಾಡುತ್ತಾರೆ. ಅವರಿಗೆ ಮಂಜು ಅಂದರೆ ಒಣಗದ ಬಟ್ಟೆ. ತಮಾಷೆ ನೋಡು, ಇಲ್ಲಿ ತಿಂಗಳುಗಟ್ಟಲೆ ಒಲೆ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತೇವೆ, ಅಲ್ಲಿ 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಬಟ್ಟೆ ಒಗೆಯೋಕೇ ನೀರಿಲ್ಲದೆ ಟ್ಯಾಂಕರ್ ಕಾದರು. ಇಲ್ಲಿ ಬಿದ್ದ ಮಳೆಯೇ ಕಾವೇರಿಯಾಗಿ ಹರಿದು, ತೊರೆಕಾಡನಹಳ್ಳಿಯಿಂದ ಪಂಪ್ ಮಾಡಿ ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗೋದು. ಆ ವರ್ಷ ಅಕ್ಟೋಬರ್‌ನಲ್ಲಿ ಆ ಕಾವೇರಿ ನೀರಿನ ಯೋಜನೆಯ ಐದನೇ ಹಂತವೂ ಶುರುವಾಯಿತು. ನಲ್ಲಿಯಲ್ಲಿ ಎಷ್ಟು ಗಂಟೆಗೆ ನೀರು ಬರುತ್ತೆ, ಹಿಡಿಯೋಕೆ ಯಾರು ಏಳುತ್ತಾರೆ, ಎರಡೂ ಊರಿನ ಹೆಂಗಸರಿಗೆ ಸಂಬಂಧ ಇರೋದು ಅಲ್ಲಿ.

ಆ ಹುಡುಗಿಯ ನಿಜವಾದ ಖುಷಿ ಏನು ಅಂತ ನಿನಗೇ ಗೊತ್ತು, ಆದರೂ ಬರೆದಿಲ್ಲ. ಭಾನುವಾರ ಹತ್ತು ಗಂಟೆವರೆಗೆ ಮಲಗಿದರೂ ‘ಇನ್ನೂ ಎದ್ದಿಲ್ವಾ’ ಅನ್ನೋರು ಯಾರೂ ಇಲ್ಲ. ನೆಂಟರು ಬಂದರು, ಕಾಫಿ ಮಾಡು ಅನ್ನೋರಿಲ್ಲ. ಅದಕ್ಕೇ ಅವಳು ಎಲ್ಲ ರಜೆಗೂ ಊರಿಗೆ ಬರಲ್ಲ, ಬಸ್ಸಿನಲ್ಲಿ ಸೀಟ್ ಸಿಗಲಿಲ್ಲ ಅಂತ ಫೋನ್ ಮಾಡುತ್ತಾಳೆ. ಬರಿ ಇದನ್ನ. ನಿನ್ನ ಅಮ್ಮ ಓದಿ ಎರಡು ದಿನ ಮುಖ ಊದಿಸಿಕೊಳ್ಳಬಹುದು. ಆಮೇಲೆ ಅವರೇ ‘ನಂಗೂ ಒಂದು ರೂಮು ಮಾಡಿಕೊಡು’ ಅಂದರೂ ಅನ್ನಬಹುದು, ಯಾರಿಗೆ ಗೊತ್ತು.

ಮಾತಿನ ಬಗ್ಗೆ ಜಾಸ್ತಿ ಹೇಳಲ್ಲ. ನಿನ್ನ ಹೆಂಗಸರೆಲ್ಲ ಪಠ್ಯಪುಸ್ತಕದ ಕನ್ನಡ ಮಾತಾಡುತ್ತಾರೆ. ಮಾರ್ಕೆಟ್ಟಿನ ಕನ್ನಡದಲ್ಲಿ ತಮಿಳು, ತೆಲುಗು, ಉರ್ದು ಎಲ್ಲ ಇರುತ್ತೆ. ಕಿವಿಗೆ ಬಿದ್ದ ಹಾಗೆ ಬರಿ, ಆದರೆ ಗೇಲಿ ಆಗಬಾರದು.

ಇನ್ನೊಂದು, ಇದು ಮುಖ್ಯ. ಸೀರೆ ಅಂಗಡಿ ಸಂಗತಿ ಬಳಸಿಕೊಳ್ಳೋದಾದರೆ ಅಂಗಡಿ ಇರುವ ಏರಿಯಾ, ಅವಳ ಊರು, ಗೋಡೌನ್ ಯಾವ ಮಹಡಿ, ಎಲ್ಲ ಬದಲಿಸು. ಫೋಟೋ ಅಂತೂ ಬೇಡವೇ ಬೇಡ. ಫೇಸ್‌ಬುಕ್ಕಿನಲ್ಲಿ ನಿನಗೆ ಲೈಕ್ ಬರುತ್ತೆ, ಅಲ್ಲಿ ಇನ್ನೊಬ್ಬಳಿಗೆ ಕೆಲಸ ಹೋಗುತ್ತೆ. ಆ ಗೋಡೌನಿಗೂ ಕ್ಯಾಮೆರಾ ಬಂದರೆ ಆ ಹುಡುಗಿಯರು ನಮ್ಮಿಬ್ಬರಿಗೂ ಶಾಪ ಹಾಕುತ್ತಾರೆ, ಹಾಕಬೇಕಾದ್ದೇ.

ತಿದ್ದಿದ್ದನ್ನು ಡಿಸೆಂಬರ್ ಒಳಗೆ ಕಳಿಸು. ರೊಬಸ್ಟಾ ಕೊಯ್ಲು ಶುರುವಾದರೆ ನನಗೆ ಓದೋಕೆ ರಾತ್ರಿ ಮಾತ್ರ, ಕರೆಂಟ್ ಇದ್ದರೆ. ಪಿ.ಡಿ.ಎಫ್. ಬೇಡ, ಅಕ್ಷರ ದೊಡ್ಡದು ಮಾಡೋಕೆ ಬರಲ್ಲ. ವಾಟ್ಸಾಪಿನಲ್ಲಿ ಸುಮ್ನೆ ಟೈಪ್ ಮಾಡಿ ಹಾಕು.

ಅಕ್ಕ