ಡಬಲ್ಸ್ ಆಡೋ ಹುಡುಗಿಯ ಹೆಸರನ್ನೂ ಹಾಕಿ ಸರ್

ಸಂಪಾದಕರಿಗೆ ನಮಸ್ಕಾರ.

ಬೈಯೋಕೆ ಅಂತ ಬರೀತಿಲ್ಲ, ಆದ್ರೆ ಓದ್ತಾ ಓದ್ತಾ ಬೈದಂಗೆ ಅನ್ನಿಸಿದ್ರೆ ಕ್ಷಮಿಸಿ. ನಾನು ವಾಸ್ಕೋದಲ್ಲಿ ಇರೋನು, ಊರು ಧಾರವಾಡದ ಹತ್ರ, ಹತ್ತೊಂಬತ್ತು ವರ್ಷದಿಂದ ವೆರ್ಣಾದಲ್ಲಿ ಕೆಲಸ. ಮನೆಗೆ ಎರಡು ಪೇಪರ್ ಬರುತ್ತೆ, ನಿಮ್ಮದೊಂದು, ಇಲ್ಲಿ ಗೋವಾದ್ದೊಂದು. ನಂದು ಕ್ರೀಡಾ ಪುಟದಿಂದ್ಲೇ ಶುರು, ಹೆಂಡತಿ ಕೈಗೆ ಸಿಗೋ ಹೊತ್ತಿಗೆ ಪೇಪರ್ ಮುದ್ದೆ ಆಗಿರುತ್ತೆ.

2025ರ ಆಗಸ್ಟ್ ಕೊನೇಲಿ ಪ್ಯಾರಿಸ್‌ನಲ್ಲಿ ಬ್ಯಾಡ್ಮಿಂಟನ್ ವರ್ಲ್ಡ್ ಚಾಂಪಿಯನ್‌ಶಿಪ್ ನಡೀತು. ಕ್ವಾರ್ಟರ್‌ಫೈನಲ್ ದಿನ ಸಿಂಧು ಇಂಡೋನೇಷ್ಯಾದ ಪುತ್ರಿ ಕುಸುಮ ವರ್ದಾನಿ ಎದುರು ಮೂರು ಗೇಮ್ ಆಡಿ ಸೋತ್ರು, ಅದು ದೊಡ್ಡದಾಗಿ ಬಂತು, ಬರ್ಲೇಬೇಕು, ಸಿಂಧು ಬಗ್ಗೆ ನಂಗೇನೂ ಹೊಟ್ಟೆಕಿಚ್ಚಿಲ್ಲ. ಅದರ ಕೆಳಗೆ ಕೊನೇ ಸಾಲಲ್ಲಿ ಇದ್ದಿದ್ದು ‘ಮಿಶ್ರ ಡಬಲ್ಸ್‌ನಲ್ಲಿ ಭಾರತದ ಜೋಡಿ ಪರಾಭವಗೊಂಡಿತು’. ಅಷ್ಟೇ. ಯಾವ ಜೋಡಿ, ಯಾರ ಎದುರು, ಎಷ್ಟು ಪಾಯಿಂಟು, ಒಂದೂ ಇಲ್ಲ. ನನ್ನ ಮಗಳು ಅಂಡರ್ 15 ಆಡ್ತಾಳೆ, ಬ್ಯಾಡ್ಮಿಂಟನ್ ಸುದ್ದಿ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸೋ ಹುಚ್ಚು ಅವಳಿಗೆ. ಆ ಸಾಲನ್ನೂ ಅಂಟಿಸಿ ಪಕ್ಕದಲ್ಲಿ ಬಾಲ್‌ಪೆನ್ನಲ್ಲಿ ತಾನೇ ಬರ್ಕೊಂಡ್ಲು: ಧ್ರುವ್ ಕಪಿಲ, ತನಿಶಾ ಕ್ರಾಸ್ಟೊ, 15-21, 13-21.

ಆ ಜೋಡಿ ಹಿಂದಿನ ಮ್ಯಾಚಲ್ಲಿ ಹಾಂಗ್‌ಕಾಂಗ್‌ನ ಐದನೇ ಸೀಡ್ ಜೋಡಿನ ಮೊದಲ ಗೇಮ್ ಸೋತ್ಮೇಲೂ ಮಣಿಸಿತ್ತು. ಕ್ವಾರ್ಟರ್‌ಫೈನಲ್‌ನಲ್ಲಿ ಇವರನ್ನ ಸೋಲಿಸಿದ ಮಲೇಷ್ಯಾ ಜೋಡಿನೇ ಎರಡು ದಿನ ಆದ್ಮೇಲೆ ಚಾಂಪಿಯನ್ ಆಯ್ತು. ಸೆಮಿಫೈನಲ್ ತಲುಪಿದ್ರೆ ಸಾಕು ಪದಕ ಗ್ಯಾರಂಟಿ, ಹಂಗಾಗಿ ಇನ್ನೊಂದು ಮ್ಯಾಚ್ ಗೆದ್ದಿದ್ರೆ ವರ್ಲ್ಡ್ಸ್‌ನಲ್ಲಿ ಮಿಕ್ಸೆಡ್ ಡಬಲ್ಸ್ ಪದಕ ಭಾರತಕ್ಕೆ ಮೊದಲ ಸಲ ಬರ್ತಿತ್ತು. ಅದೂ ಯಾವ ಹಾಲ್ ಗೊತ್ತಾ ಸರ್, ಅದಕ್ಕೆ ಒಂದು ವರ್ಷದ ಹಿಂದೆ, 2024ರ ಒಲಿಂಪಿಕ್ಸ್‌ನಲ್ಲಿ ಇದೇ ತನಿಶಾ ಮೂರಕ್ಕೆ ಮೂರೂ ಸೋತು ಹೊರಗೆ ಬಂದಿದ್ಲಲ್ಲ, ಪೋರ್ಟ್ ದ ಲಾ ಶಾಪೆಲ್, ಅದೇ ಹಾಲ್. ಇದಕ್ಕಿಂತ ಒಳ್ಳೆ ಸುದ್ದಿ ನಿಮಗೆ ಇನ್ನೇನು ಬೇಕಿತ್ತು?

ಒಲಿಂಪಿಕ್ಸ್ ಟೈಮಲ್ಲಿ ಇನ್ನೊಂದು ತಮಾಷೆ ನೋಡಿದೆ. ತನಿಶಾ ಜೊತೆ ಆಡಿದ್ದು ನಮ್ಮ ಅಶ್ವಿನಿ ಪೊನ್ನಪ್ಪ. ಕನ್ನಡ ಪೇಪರಲ್ಲಿ ಪೂರ್ತಿ ಅಶ್ವಿನಿ, ಕೊಡಗಿನ ಹೆಮ್ಮೆ, ಮೂರನೇ ಒಲಿಂಪಿಕ್ಸ್, ಪಕ್ಕದಲ್ಲಿ ನಿಂತಿರೋ ಹುಡುಗಿ ಫೋಟೋದಲ್ಲಿ ಅರ್ಧ ಕಟ್. ಗೋವಾ ಪೇಪರ್ ತೆಗೆದ್ರೆ ಪೂರ್ತಿ ತನಿಶಾ, ಅಶ್ವಿನಿ ಒಂದು ಕಡೆ ‘ಸಹ ಆಟಗಾರ್ತಿ’. ಒಂದೇ ಜೋಡಿ ಸುದ್ದಿ ಪೂರ್ತಿ ಓದ್ಬೇಕಂದ್ರೆ ನಾನು ಎರಡು ಪೇಪರ್ ದುಡ್ಡು ಕೊಡ್ಬೇಕು.

ತನಿಶಾ ಹುಟ್ಟಿದ್ದು 2003ರಲ್ಲಿ ದುಬೈನಲ್ಲಿ, ಅಪ್ಪ ಅಮ್ಮ ಗೋವಾದವರು, ಭಾರತಕ್ಕೆ ಬಂದು ಗೋವಾ ಪರವಾಗಿ ಆಡಿದ್ಲು, ಹೈದರಾಬಾದಲ್ಲಿ ಗೋಪಿಚಂದ್ ಅಕಾಡೆಮಿ ಸೇರಿದ್ಲು. ನಮ್ಮ ಮಗಳದ್ದು ಇದರ ಉಲ್ಟಾ, ಹುಟ್ಟಿದ್ದು ಗೋವಾದಲ್ಲಿ, ಊರಿಗೆ ಹೋದ್ರೆ ‘ಗೋವಾದಾಕಿ ಬಂದ್ಲು’ ಅಂತಾರೆ, ಇಲ್ಲಿ ಯಾರಿಗಾದ್ರೂ ಸಿಟ್ಟು ಬಂದ್ರೆ ಘಾಂಟಿ ಅಂತಾರೆ, ಘಟ್ಟದ ಮೇಲಿನವರು ಅಂತ. ಅದಕ್ಕೇ ಏನೋ ಅವಳಿಗೆ ತನಿಶಾ ಅಂದ್ರೆ ಪ್ರಾಣ.

18 ವಯಸ್ಸಿಗೇ, 2022ರ ಜನವರಿಯಲ್ಲಿ, ಈಶಾನ್ ಭಟ್ನಾಗರ್ ಜೊತೆ ಲಖನೌದ ಸೈಯದ್ ಮೋದಿ ಟೂರ್ನಿ ಮಿಕ್ಸೆಡ್ ಗೆದ್ಲು. ಆಮೇಲೆ ಅಶ್ವಿನಿ ಜೊತೆ ಸೇರಿದ್ದು, ಇಬ್ಬರ ಮಧ್ಯೆ ಹೆಚ್ಚುಕಮ್ಮಿ 14 ವರ್ಷ ಅಂತರ, ಚಿಕ್ಕಮ್ಮ ಮಗಳು ಅನ್ನೋ ಹಂಗೆ. 2023ರಲ್ಲೇ ಫ್ರಾನ್ಸ್‌ನ ನಾಂಟ್, ಅಬುಧಾಬಿ ಮಾಸ್ಟರ್ಸ್, ಗುವಾಹಟಿ ಮಾಸ್ಟರ್ಸ್ ಗೆದ್ರು, ಲಖನೌದಲ್ಲಿ ಫೈನಲ್ ಸೋತ್ರು. ಒಲಿಂಪಿಕ್ಸ್‌ಗೆ ಒಂದು ದೇಶದಿಂದ ಎರಡು ಜೋಡಿ ಹೋಗ್ಬೇಕಂದ್ರೆ ಎರಡೂ ವರ್ಲ್ಡ್ ರ‍್ಯಾಂಕಿಂಗ್‌ನ ಟಾಪ್ 8ರಲ್ಲಿ ಇರ್ಬೇಕಿತ್ತು, ಇಲ್ಲಾಂದ್ರೆ ಒಂದೇ. ಅಂದ್ರೆ ನಮ್ಮ ದೇಶದ್ದೇ ಇನ್ನೊಂದು ಜೋಡಿ ಟ್ರೀಸಾ–ಗಾಯತ್ರಿನ ಹಿಂದೆ ಹಾಕಿ ಆ ಒಂದು ಸೀಟ್ ತಗೊಂಡಿದ್ದು ಇವರು. ಪ್ಯಾರಿಸ್‌ನಲ್ಲಿ ಕೊರಿಯಾ, ಜಪಾನ್, ಆಸ್ಟ್ರೇಲಿಯಾ ಮೂರರ ಎದುರೂ ಸೋಲು, ಒಂದು ಗೇಮೂ ಸಿಗ್ಲಿಲ್ಲ. ಇದೇ ನನ್ನ ಕೊನೇ ಒಲಿಂಪಿಕ್ಸ್ ಅಂತ ಅಶ್ವಿನಿ ಕಣ್ಣೀರು ಹಾಕಿದ್ರು. ಎಲ್ಲಾ ಪೇಪರೂ ಅಲ್ಲಿಗೆ ಮುಗಿಸಿದ್ವು. ಇವರಿಬ್ಬರು ಮತ್ತೆ ಡಿಸೆಂಬರಲ್ಲಿ ಗುವಾಹಟಿಗೆ ಹೋಗಿ ಅದೇ ಟೈಟಲ್ ಎರಡನೇ ಸಲ ಗೆದ್ದಿದ್ದು ಎಷ್ಟು ಜನಕ್ಕೆ ಗೊತ್ತು?

ಡಬಲ್ಸ್ ಆಡೋರ ಕಷ್ಟ ಏನಂದ್ರೆ, ಸಿಂಗಲ್ಸ್ ಪ್ಲೇಯರ್ ರ‍್ಯಾಂಕಿಂಗ್ ಅವಳದ್ದೇ, ಡಬಲ್ಸ್‌ನಲ್ಲಿ ಅದು ಜೋಡಿದು. ಪಾರ್ಟ್ನರ್ ಮಂಡಿಗೆ ಪೆಟ್ಟಾಯ್ತು, ಪಾರ್ಟ್ನರ್ ಬಿಟ್ರು, ಇವಳು ಎಷ್ಟೇ ಫಿಟ್ ಇರ್ಲಿ, ಹೊಸಬಳ ಜೊತೆ ಮತ್ತೆ ಕೆಳಗಿಂದ ಹತ್ಬೇಕು. ಆಟನೂ ಬೇರೆನೇ. ವಿಮೆನ್ಸ್ ಡಬಲ್ಸ್‌ನಲ್ಲಿ ಒಂದು ಸ್ಮ್ಯಾಶ್‌ಗೆ ಪಾಯಿಂಟ್ ಬರಲ್ಲ, ಎತ್ತೆತ್ತಿ ಕೊಡ್ತಾನೇ ಇರ್ತಾರೆ, ಒಂದೊಂದು ರ‍್ಯಾಲಿ ಐವತ್ತು ಹೊಡೆತ ದಾಟುತ್ತೆ, ಇಬ್ಬರೂ ಹಿಂದೆ ಮುಂದೆ ಸುತ್ತುತಾ ಇರ್ಬೇಕು. ಅದೇ ಹುಡುಗಿ ಮಿಕ್ಸೆಡ್‌ಗೆ ಬಂದ್ರೆ ನೆಟ್ ಹತ್ರ ನಿಂತು ಎದುರಿನ ಗಂಡಸಿನ ಸ್ಮ್ಯಾಶ್ ಮುಖದ ಮುಂದೆ ತಡೀಬೇಕು. ಒಂದೇ ಟೂರ್ನಿಯಲ್ಲಿ, ಎಷ್ಟೋ ಸಲ ಒಂದೇ ದಿನ, ಎರಡೂ ಆಟ.

ಇದೆಲ್ಲ ನಾನು ಕಲಿತಿದ್ದು ಮೊನ್ನೆ ಮೊನ್ನೆ, ಸಿಟ್ಟಿಗೆ. ಇಲ್ಲೊಬ್ಬ ಕೋಚ್ ಮಗಳ ಎದುರಿಗೇ ಹೇಳಿದ್ರು, ‘ಇವಳ ಕೈಲಿ ಸಿಂಗಲ್ಸ್ ಆಗಲ್ಲ, ಕಾಲು ಸ್ಲೋ, ಡಬಲ್ಸ್‌ಗೆ ಹಾಕ್ಬಿಡೋಣ’. ದಾರೀಲಿ ಸ್ಕೂಟರ್ ಹಿಂದೆ ಕೂತು ಕೇಳಿದ್ಲು, ಪಪ್ಪಾ, ಸಿಂಗಲ್ಸ್ ಬರದೇ ಇದ್ದೋರು ಡಬಲ್ಸ್ ಆಡ್ತಾರಾ? ನಂಗೆ ಉತ್ತರ ಗೊತ್ತಿರ್ಲಿಲ್ಲ. ಮನೇಲಿ ಹೇಳಿದ್ದಕ್ಕೆ ನಮ್ಮಾಕಿ, ‘ಅಂದ್ರ ಉಳಿದ ಹಿಟ್ಟಿನ್ಯಾಗ ತಟ್ಟಿದ ರೊಟ್ಟಿ ಅಂದಂಗಾತು’ ಅಂದ್ಲು.

ಕೋಚ್ ಒಬ್ಬರನ್ನೇ ಅಂದು ಏನ್ ಪ್ರಯೋಜನ, ನಿಮ್ಮ ಪುಟ ನೋಡಿದ್ರೂ ಹಂಗೇ ಅನ್ಸುತ್ತೆ. ಗಂಡಸರ ಡಬಲ್ಸ್ ಜೋಡಿ ಸಾತ್ವಿಕ್–ಚಿರಾಗ್‌ಗೆ ಜಾಗ ಸಿಗುತ್ತಲ್ಲ ಅಂತೀರಿ. ಸರಿ, ಸಿಗುತ್ತೆ. ಆದ್ರೆ ವರ್ಲ್ಡ್ಸ್‌ನಲ್ಲಿ ಭಾರತಕ್ಕೆ ಡಬಲ್ಸ್ ಪದಕ ಮೊದಲು ತಂದಿದ್ದು ಅಶ್ವಿನಿ ಮತ್ತೆ ಜ್ವಾಲಾ ಗುಟ್ಟಾ, 2011ರಲ್ಲಿ, ಸಾತ್ವಿಕ್–ಚಿರಾಗ್‌ಗಿಂತ 11 ವರ್ಷ ಮುಂಚೆ. ಅದಾದ್ಮೇಲೂ ವಿಮೆನ್ಸ್ ಡಬಲ್ಸ್‌ಗೆ ಆ ಕೊನೇ ಸಾಲೇ.

ನಾನು ಅರ್ಧ ಪುಟ ಕೇಳ್ತಿಲ್ಲ. ಸೋತಿರ್ಲಿ ಗೆದ್ದಿರ್ಲಿ, ಇಬ್ಬರ ಹೆಸರು, ಎದುರಾಳಿ ಯಾರು, ಸ್ಕೋರ್ ಎಷ್ಟು, ಇಷ್ಟು ಹಾಕಿ. ಎರಡು ಸಾಲು ಜಾಸ್ತಿ ಆಗುತ್ತೆ, ಐಪಿಎಲ್ ಆಟಗಾರರ ಹೇರ್‌ಕಟ್ ಸುದ್ದಿಯಲ್ಲಿ ಎರಡು ಸಾಲು ಕಮ್ಮಿ ಮಾಡ್ಕೊಳ್ಳಿ. ಮತ್ತೆ ಫೋಟೋ ಹಾಕಿದ್ರೆ ದಯವಿಟ್ಟು ಪಕ್ಕದವಳನ್ನ ಕಟ್ ಮಾಡ್ಬೇಡಿ, ನಮ್ಮನೇಲಿ ಅದನ್ನ ನೋಟ್‌ಬುಕ್ಕಿಗೆ ಅಂಟಿಸ್ತಾರೆ.

ಇಂತಿ,
ಒಬ್ಬ ಓದುಗ, ವಾಸ್ಕೋ, ಗೋವಾ