ಗಾಜಿನ ಮಣಿಯಿಂದ ಶುರುಮಾಡು

ಪ್ರೀತಿಯ ಗೆಳತಿ,

ನಿನ್ನ ಲೇಖನ ಓದಿದೆ. ಕಲ್ಲುಹೂವಿನಂಥ ವಿಷಯ ಹಿಡಿದಿದ್ದೀಯಲ್ಲ, ಅದಕ್ಕೇ ತುಂಬಾ ಖುಷಿಯಾಯಿತು. ಆದರೆ ಎರಡನೇ ಪ್ಯಾರಾದಲ್ಲೇ ಶಿಲೀಂಧ್ರಕ್ಕೂ ಪಾಚಿಗೂ ಮದುವೆ ಮಾಡಿಸಿಬಿಟ್ಟಿದ್ದೀಯ. ಭೇಟಿಯಾದವು, ಒಪ್ಪಿದವು, ಕೂಡಿ ಬಾಳಿದವು. ಇಷ್ಟು ಬೇಗ ಮುಗಿಸಿದರೆ ಹೇಗೆ? ಒಪ್ಪಿಗೆಗೆ ಮುಂಚೆ ಏನೇನು ನಡೆಯಿತು ಅನ್ನುವುದೇ ಕತೆ ಅಲ್ವಾ?

ಹೋಲಿಕೆ ಮೊದಲೇ ಬಂದರೆ ನೋಡುವ ಕಣ್ಣು ಕಟ್ಟಿಹೋಗುತ್ತದೆ. ಲೈಕೆನ್, ಅಂದರೆ ಈ ಕಲ್ಲುಹೂವು, ಒಂದೇ ಜೀವಿಯಲ್ಲ, ಎರಡು ಸೇರಿ ಆದದ್ದು ಎಂದು 1860ರ ದಶಕದಲ್ಲಿ ಹೇಳಿದವರು ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರ್. ಅವರು ಶಿಲೀಂಧ್ರವನ್ನು ಯಜಮಾನ ಎಂದರು, ಪಾಚಿಯನ್ನು ಗುಲಾಮ ಎಂದರು. ಕಂಡದ್ದು ದೊಡ್ಡ ಸತ್ಯ. ಆದರೂ ಆ ಯಜಮಾನ-ಗುಲಾಮರ ಚಿತ್ರ ಬಹಳ ಕಾಲ ಜನರ ತಲೆಯಲ್ಲಿ ಕೂತುಬಿಟ್ಟಿತು. ನಿನ್ನ ಮದುವೆಯೂ ಹಾಗೇ ಕೂರುತ್ತದೆ.

ಮೊದಲು ಶಿಲೀಂಧ್ರದ ಕಷ್ಟ ಹೇಳು. ಎಷ್ಟೋ ಲೈಕೆನ್‌ಗಳಲ್ಲಿ ಅದರ ಬೀಜಕಣ ಒಂಟಿಯಾಗಿ ಹಾರಿಹೋಗುತ್ತದೆ, ಪಾಚಿ ಜೊತೆಗಿರುವುದಿಲ್ಲ. ಬಿದ್ದಲ್ಲಿ ಮೊಳೆತು ಎಳೆ ಚಾಚಿದರೂ ಅದು ಬಿಸಿಲಿನಿಂದ ಆಹಾರ ಮಾಡಿಕೊಳ್ಳಲಾರದು. ಅಕ್ಕಪಕ್ಕದಲ್ಲಿ ನಾನಾ ಬಗೆಯ ಪಾಚಿಗಳಿವೆ. ತನಗೆ ಹೊಂದುವುದು ಯಾವುದು?

ಈಗ ಗಾಜಿನ ಮಣಿಯನ್ನು ತಾ. 1980ರ ದಶಕದ ಆರಂಭದಲ್ಲಿ ಅಮೆರಿಕದ ವರ್ನನ್ ಅಹ್ಮದ್ಜಿಯಾನ್ ಮತ್ತು ಅವರ ಜೊತೆಗಾರರು ಕ್ಲಾಡೋನಿಯಾ ಎಂಬ ಲೈಕೆನ್‌ನ ಶಿಲೀಂಧ್ರವನ್ನು ಬೇರೆ ತೆಗೆದು ಬೆಳೆಸಿದರು. ಅದರ ಹತ್ತಿರ ಪಾಚಿಗಳನ್ನು ಇಟ್ಟರು. ಪಾಚಿ ಕೋಶದಷ್ಟೇ ದಪ್ಪದ ಗಾಜಿನ ಮಣಿಗಳನ್ನೂ ಇಟ್ಟರು. ಶಿಲೀಂಧ್ರದ ಎಳೆಗಳು ಮಣಿಯನ್ನೂ ಸುತ್ತಿಕೊಂಡವು! ಅಂದರೆ ಮೊದಲ ಅಪ್ಪುಗೆಗೆ ಅಷ್ಟೇನೂ ಅರ್ಥವಿಲ್ಲ. ದುಂಡಗಿದೆ, ಸರಿಯಾದ ಅಳತೆಯಲ್ಲಿದೆ, ಸಾಕು. ಪರೀಕ್ಷೆ ಆಮೇಲೆ. ಹೊಂದುವ ಪಾಚಿಯ ಜೊತೆ ಲೈಕೆನ್‌ನ ಮೈ ಕಟ್ಟಿಕೊಳ್ಳುತ್ತಾ ಬಂತು. ಹೊಂದದ ಪಾಚಿಗಳು ಆ ಹಿಡಿತದಲ್ಲೇ ಸತ್ತವು. ಈ ಸಾವನ್ನು ಬಿಡಬೇಡ. ನಿನ್ನ ಲೇಖನದಲ್ಲಿ ಯಾರೂ ಸಾಯುವುದಿಲ್ಲ, ಅದೇ ಅದರ ಕೊರತೆ.

ಸಾಯುವುದು ಯಾಕೆ ಅಂತ ಓದುಗರು ಕೇಳಿಯೇ ಕೇಳುತ್ತಾರೆ. ಅಲ್ಲಿ ನಿಧಾನ ಮಾಡು. ಶಿಲೀಂಧ್ರಗಳು ಲೆಕ್ಟಿನ್ ಎಂಬ ಪ್ರೋಟೀನುಗಳನ್ನು ಹೊರಹಾಕುತ್ತವೆ. ಇವು ಕೋಶದ ಹೊರಮೈಯಲ್ಲಿರುವ ಸಕ್ಕರೆ ಅಣುಗಳನ್ನು ಆಯ್ದು ಹಿಡಿಯುತ್ತವೆ. ಕ್ಸಾಂಥೋರಿಯಾ ಎಂಬ ಹಳದಿ ಲೈಕೆನ್‌ನಲ್ಲಿ ಸ್ಪೇನಿನ ಸಂಶೋಧಕರು ಕಂಡದ್ದು ಇದು: ಆರ್ಜಿನೇಸ್ ಎಂಬ ಕಿಣ್ವವೇ ಅಲ್ಲಿ ಲೆಕ್ಟಿನ್ನಿನ ಕೆಲಸ ಮಾಡುತ್ತದೆ. ಹೊಂದುವ ಪಾಚಿಯ ಗೋಡೆಯಲ್ಲಿ ಅದನ್ನು ಹಿಡಿದು ನಿಲ್ಲಿಸುವ ಯೂರಿಯೇಸ್ ಎಂಬ ಇನ್ನೊಂದು ಪ್ರೋಟೀನು ಇರುತ್ತದೆ. ಹಿಡಿದರೆ ಕಿಣ್ವ ಹೊರಗೇ ನಿಲ್ಲುತ್ತದೆ, ಎಳೆ ಪಾಚಿಗೆ ಅಂಟುತ್ತದೆ. ಹಿಡಿಯುವವರಿಲ್ಲದಿದ್ದರೆ ಕಿಣ್ವ ಒಳಗೆ ನುಗ್ಗುತ್ತದೆ. ಪುಟ್ರೆಸಿನ್ ಎಂಬ ವಸ್ತು ಜಾಸ್ತಿಯಾಗಿ ಪಾಚಿಯ ಪತ್ರಹರಿತ್ತು ಹಾಳಾಗುತ್ತದೆ. ಸ್ನೇಹಕ್ಕೂ ಸಾವಿಗೂ ಒಂದೇ ಕಿಣ್ವ. ಇಂಥದ್ದು ಸಿಕ್ಕಾಗ ಅಲಂಕಾರ ಬೇಡವೇ ಬೇಡ, ನಡೆದದ್ದನ್ನು ನಡೆದ ಹಾಗೆ ಬರೆ.

ಎಷ್ಟೋ ಹಸಿರು ಪಾಚಿಗಳು ಶಿಲೀಂಧ್ರಕ್ಕೆ ರಿಬಿಟಾಲ್ ಎಂಬ ಸಕ್ಕರೆಯಂಥ ಆಹಾರ ಕೊಡುತ್ತವೆ, ಕೆಲವು ಲೈಕೆನ್‌ಗಳಲ್ಲಿ ಪಾಚಿಯ ಜಾಗದಲ್ಲಿರುವ ನಾಸ್ಟಾಕ್‌ನಂಥ ಸಯನೋಬ್ಯಾಕ್ಟೀರಿಯಾ (ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯಾ) ಗ್ಲೂಕೋಸ್ ಕೊಡುತ್ತದೆ ಎಂಬುದಕ್ಕೆ ಒಂದು ಸಾಲು ಸಾಕು. 2016ರಲ್ಲಿ ಕೆಲವು ಲೈಕೆನ್‌ಗಳ ಹೊರಪದರದಲ್ಲಿ ಯೀಸ್ಟ್ ಸಿಕ್ಕ ಸುದ್ದಿಯನ್ನೂ ಸೇರಿಸಿದ್ದೀಯ. ಒಳ್ಳೆಯ ಸುದ್ದಿಯೇ, ಆದರೆ ಇಲ್ಲಿ ಸುಮ್ನೆ ದಾರಿ ತಪ್ಪಿಸುತ್ತದೆ. ಅದಕ್ಕೆ ಬೇರೆ ಲೇಖನ ಬರೆ.

ಒಂದು ಮಾತ್ರ ಸೇರಿಸಲೇಬೇಕು. ಕ್ಸಾಂಥೋರಿಯಾದ ಶಿಲೀಂಧ್ರದ ಹೊಸ ಮೊಳಕೆಗೆ ಸರಿಯಾದ ಪಾಚಿ ಸಿಗದಿದ್ದಾಗ ಅದು ಹೊಂದದ ಪಾಚಿಯ ಜೊತೆಗೇ ಸಡಿಲವಾಗಿ ಸೇರಿಕೊಂಡು ದಿನ ತಳ್ಳುತ್ತದೆ. ಪಕ್ಕದಲ್ಲಿ ಬೇರೆ ಲೈಕೆನ್‌ನ ಪುಡಿ ಬಿದ್ದರೆ ಅದರೊಳಗಿನ ಪಾಚಿಯನ್ನು ಕಿತ್ತುಕೊಳ್ಳುವುದೂ ಉಂಟು. ಇದನ್ನು ಮದುವೆಯ ಚಿತ್ರದೊಳಗೆ ಹೇಗೆ ಕೂರಿಸುತ್ತೀಯ? ಈ ಪ್ಯಾರಾ ಬರೆದು ಕಳಿಸು, ನಾನು ಕಾಯುತ್ತಿರುತ್ತೇನೆ.

ಪ್ರೀತಿಯಿಂದ,
ನಿನ್ನ ಹಿರಿಯ ಗೆಳತಿ